ಕಾಣದ ಹರಾಜಿನಲ್ಲಿ ದೊಡ್ಡಬಳ್ಳಾಪುರದ ಸೀರೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದಾಡಿದವರಿಗೆ ವಿದ್ಯುತ್ ಮಗ್ಗಗಳ ಸದ್ದು ಹೊಸದಲ್ಲ. ಈಚಿನ ಕೆಲವು ವರ್ಷಗಳಿಂದ ಆ ಬೀದಿಗಳಲ್ಲಿ ಇನ್ನೊಂದು ನೋಟವೂ ಸಾಮಾನ್ಯವಾಗಿದೆ. ಮಗ್ಗದಿಂದ ಆಗತಾನೆ ಇಳಿದ ಸೀರೆಯ ಸೆರಗನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮನೆಯ ಮಗಳೋ ಮಗನೋ ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆಯುತ್ತಿರುತ್ತಾರೆ. ಹಿಂದೆ ಆ ಸೀರೆ ಬೆಂಗಳೂರಿನ ಚಿಕ್ಕಪೇಟೆಯ ಸಗಟು ವ್ಯಾಪಾರಿಯ ಅಂಗಡಿಯನ್ನು ಸೇರುತ್ತಿತ್ತು. ಕಡೆಗೆ ಅದನ್ನು ಉಟ್ಟವರು ಯಾರು, ಎಷ್ಟು ಬೆಲೆಗೆ ಕೊಂಡರು ಎಂಬುದು ನೆಯ್ದವನಿಗೆ ತಿಳಿಯುತ್ತಿರಲಿಲ್ಲ. ಇಂದಿಗೂ ಬಹುಮಟ್ಟಿಗೆ ಹಾಗೆಯೇ ನಡೆಯುತ್ತಿದೆ ಎನ್ನಿ. ಆದರೆ ಸಾಮಾಜಿಕ ಜಾಲತಾಣಗಳಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿದರೆ ಕೊಳ್ಳುವವರ ಮನೆಬಾಗಿಲನ್ನೇ ಮುಟ್ಟಬಹುದೆಂಬ ಆಸೆ ಈಗ ಎರಡು ಮಗ್ಗದ ಮನೆಯಲ್ಲಿಯೂ ಹುಟ್ಟಿದೆ. ಹಣ ತಂದೆಯದು; ಮೊಬೈಲನ್ನು ಒತ್ತುವ ಕೈ ಮಕ್ಕಳದು. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಅಂಥವರು ಕೆಲವರಾದರೂ ಇದ್ದಾರೆಂದು ನಾನು ಬಲ್ಲೆ. ಈ ಲೇಖನ ಮುಖ್ಯವಾಗಿ ಅವರನ್ನು ಉದ್ದೇಶಿಸಿದ್ದು.

ನನ್ನ ನೆರೆಮನೆಯ ನೇಕಾರರ ಮಗಳು ಒಂದು ಸಂಜೆ ಬಂದು, “ಮೇಷ್ಟ್ರೇ, ದುಡ್ಡು ಹೋಯಿತು, ಸೀರೆ ಹೋಗಲಿಲ್ಲ. ಸಾವಿರಾರು ಜನ ನೋಡಿದ್ದಾರೆ ಅಂತ ತೋರಿಸ್ತದೆ. ಅವರೆಲ್ಲಾ ಎಲ್ಲಿದ್ದಾರೆ?” ಎಂದು ಕೇಳಿದಳು. ಅವಳು ಜಾಹೀರಾತು ಹಾಕಿದ್ದ ಜಾಲತಾಣ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅವಳ ಫೋನಿಗೆ ಬಂದ ಸಂದೇಶಗಳನ್ನು ಇಬ್ಬರೂ ಕುಳಿತು ನೋಡಿದೆವು. ಬಂದ ಸಂದೇಶಗಳಿಗೇನೂ ಕೊರತೆಯಿರಲಿಲ್ಲ, ಒಂದರ ಕೆಳಗೊಂದು “ಬೆಲೆ ಎಷ್ಟು?” ಎಂಬ ಪ್ರಶ್ನೆ. ಬೆಲೆಯನ್ನು ತಿಳಿಸಿದೊಡನೆ ಮೌನ. ಅಷ್ಟರಲ್ಲಿ ಎರಡನೆಯ ಜಾಹೀರಾತು ‘ನಿಯಮಕ್ಕೆ ವಿರುದ್ಧ’ವೆಂಬ ಕಾರಣದಿಂದ ತಿರಸ್ಕೃತವಾಗಿತ್ತು. ಯಾವ ನಿಯಮವೆಂದು ಕೇಳಿದರೆ ಉತ್ತರಿಸಿದ್ದೂ ಯಂತ್ರವೇ. ಸೆರಗಿನ ಚಿತ್ರದಲ್ಲಿ ಯಾವ ಅಪರಾಧವಿತ್ತೋ ನಮಗೆ ಈವರೆಗೂ ತಿಳಿದಿಲ್ಲ.

ಅವಳ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಮೊದಲು ಅವಳು ಕೊಂಡ ವಸ್ತು ಏನೆಂಬುದು ತಿಳಿಯಬೇಕು. ವೃತ್ತಪತ್ರಿಕೆಯಲ್ಲಿ ಜಾಹೀರಾತು ಹಾಕುವವನು ಇಷ್ಟು ಚದರ ಸೆಂಟಿಮೀಟರ್ ಜಾಗಕ್ಕೆ ಇಷ್ಟು ರೂಪಾಯಿ ಎಂಬ ದರಪಟ್ಟಿಯಂತೆ ಹಣ ಕೊಡುತ್ತಾನೆ. ಜಾಲತಾಣದಲ್ಲಿ ಅಂಥ ದರಪಟ್ಟಿಯಿಲ್ಲ. ಅಲ್ಲಿರುವುದು ಹರಾಜು. ಮಲ್ಲೇಶ್ವರದ ಒಬ್ಬ ಗೃಹಿಣಿ ಬಸ್ಸಿನಲ್ಲಿ ಕುಳಿತು ಮೊಬೈಲನ್ನು ಬೆರಳಿನಿಂದ ಸರಿಸುವಾಗ, ಅವಳ ಕಣ್ಣಿನ ಮುಂದೆ ಬರಲಿರುವ ಒಂದು ಖಾಲಿ ಜಾಗಕ್ಕಾಗಿ, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಒಂದು ಹರಾಜು ನಡೆದುಹೋಗುತ್ತದೆ.

ಹರಾಜು ಎಂದರೆ ನಮ್ಮ ಜಿಲ್ಲೆಯವರಿಗೆ ಅಪರಿಚಿತವೇ? ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೋ ಪಕ್ಕದ ಶಿಡ್ಲಘಟ್ಟದ ಮಾರುಕಟ್ಟೆಯನ್ನೋ ಒಮ್ಮೆಯಾದರೂ ನೋಡಿದವರು ಬಲ್ಲರು. ಅಲ್ಲಿ ಗೂಡು ಎಲ್ಲರ ಕಣ್ಣೆದುರಿಗೆ ಇರುತ್ತದೆ. ರೀಲರು ಅದನ್ನು ಕೈಯಲ್ಲಿ ಹಿಡಿದು, ಅದುಮಿ, ಕಿವಿಯ ಬಳಿ ಅಲುಗಿಸಿ ನೋಡಿ ಬೆಲೆಯನ್ನು ನಿಶ್ಚಯಿಸುತ್ತಾನೆ. ಜಾಲತಾಣದ ಹರಾಜಿನಲ್ಲಿ ಕೂಗುವವನಿಗೆ ಸರಕೂ ಕಾಣದು, ಎದುರಾಳಿಯೂ ಕಾಣನು. ಕೂಗುವುದೂ ಅವನಲ್ಲ, ಅವನ ಪರವಾಗಿ ಹರಾಜು ನಡೆಸುವವನ ಯಂತ್ರವೇ ಕೂಗುತ್ತದೆ.

ಈ ಹರಾಜಿನ ಬೆನ್ನಿಗೆ ಒಂದು ಸೊಗಸಾದ ಗಣಿತವಿದೆ. ೧೯೬೧ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞನು ಒಂದು ಪ್ರಬಂಧವನ್ನು ಪ್ರಕಟಿಸಿದನು. ಮುಚ್ಚಿದ ಲಕೋಟೆಯಲ್ಲಿ ಎಲ್ಲರೂ ತಮ್ಮ ಬೆಲೆಯನ್ನು ಬರೆದುಕೊಡಲಿ. ಹೆಚ್ಚು ಬರೆದವನಿಗೆ ವಸ್ತು ದೊರೆಯಲಿ. ಆದರೆ ಅವನು ತೆರಬೇಕಾದುದು ತಾನು ಬರೆದ ಬೆಲೆಯನ್ನಲ್ಲ, ಎರಡನೆಯವನು ಬರೆದ ಬೆಲೆಯನ್ನು. ಮೂವರು ೧೦, ೭, ೪ ರೂಪಾಯಿಗಳೆಂದು ಬರೆದರೆ ೧೦ ಬರೆದವನು ಗೆಲ್ಲುತ್ತಾನೆ, ೭ ಕೊಡುತ್ತಾನೆ. ಇದರಿಂದೇನು ಲಾಭ? ಇಂಥ ಹರಾಜಿನಲ್ಲಿ ತನಗೆ ವಸ್ತು ಎಷ್ಟು ಬೆಲೆಬಾಳುವುದೋ ಅಷ್ಟನ್ನೇ ನಿಜವಾಗಿ ಬರೆಯುವುದು ಎಲ್ಲರಿಗೂ ಮೇಲು. ಕಡಮೆ ಬರೆದು ಜಾಣತನ ತೋರಿಸಲು ಹೋದವನು ಗೆಲ್ಲಬಹುದಾದ ಹರಾಜನ್ನು ಕಳೆದುಕೊಳ್ಳುತ್ತಾನೆಯೇ ಹೊರತು ತಾನು ಕೊಡುವ ಬೆಲೆಯನ್ನು ಇಳಿಸಿಕೊಳ್ಳಲಾರನು. ೧೯೯೬ರಲ್ಲಿ ವಿಕ್ರಿಗೆ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಅದಾದ ಮೂರನೆಯ ದಿನವೇ ಅವನು ತೀರಿಕೊಂಡನು. ಅವನ ವಿಚಾರವನ್ನು ೧೯೭೧ರಲ್ಲಿ ಕ್ಲಾರ್ಕ್, ೧೯೭೩ರಲ್ಲಿ ಗ್ರೋವ್ಸ್ ಎಂಬವರು ವಿಸ್ತರಿಸಿದರು. ಫೇಸ್‌ಬುಕ್ ತನ್ನ ಜಾಹೀರಾತುಗಳ ಹರಾಜಿಗೆ ಆರಿಸಿಕೊಂಡದ್ದು ಈ ಮೂವರ ಹೆಸರನ್ನು ಹೊತ್ತ ಪದ್ಧತಿಯನ್ನೇ.

ಆದರೆ ಇಲ್ಲೊಂದು ತೊಡಕುಂಟು. ಜಾಲತಾಣವು ಕೂಗಿದ ಬೆಲೆಯನ್ನಷ್ಟೇ ನೋಡುವುದಿಲ್ಲ. ಈ ನೋಡುಗಳು ಈ ಜಾಹೀರಾತನ್ನು ಕಂಡರೆ ಕೊಳ್ಳುವ ಸಂಭವ ಎಷ್ಟು ಎಂದು ಯಂತ್ರ ಅಂದಾಜು ಮಾಡಿ, ಆ ಅಂದಾಜಿನಿಂದ ಕೂಗನ್ನು ಗುಣಿಸುತ್ತದೆ. ಅದಕ್ಕೆ ಜಾಹೀರಾತಿನ ಗುಣಮಟ್ಟವೆಂಬ ಇನ್ನೊಂದು ಅಂಶವನ್ನೂ ಕೂಡಿಸುತ್ತದೆ. ನಮ್ಮ ನೇಕಾರರು ಒಂದು ಸೀರೆ ಮಾರಾಟವಾದರೆ ೧೦೦ ರೂಪಾಯಿ ಕೊಡಲು ಸಿದ್ಧರೆಂದು ಎಣಿಸಿಕೊಳ್ಳೋಣ. ಸಾವಿರ ಮಂದಿಗೆ ತೋರಿಸಿದರೆ ಒಬ್ಬರು ಕೊಂಡಾರೆಂದು ಯಂತ್ರದ ಅಂದಾಜು. ಆಗ ಒಂದು ಸಲ ತೋರಿಸುವುದರ ಬೆಲೆ ೧೦ ಪೈಸೆ. ಬೆಂಗಳೂರಿನ ಒಂದು ದೊಡ್ಡ ಮಳಿಗೆ ಒಂದು ಮಾರಾಟಕ್ಕೆ ೬೦ ರೂಪಾಯಿಯನ್ನಷ್ಟೇ ಕೂಗಿದೆ. ಆದರೆ ಅದರ ಜಾಹೀರಾತನ್ನು ಕಂಡ ೩೦೦ ಮಂದಿಯಲ್ಲಿ ಒಬ್ಬರು ಕೊಳ್ಳುವರೆಂದು ಅಂದಾಜು. ಅದರ ಬೆಲೆ ೨೦ ಪೈಸೆಯಾಯಿತು. ಹೆಚ್ಚು ಕೂಗಿದವನು ಸೋತನು, ಕಡಮೆ ಕೂಗಿದವನು ಗೆದ್ದನು! ಇದರಲ್ಲಿ ಮೋಸವೇನೂ ಇಲ್ಲ. ಅಂದಾಜು ಸರಿಯಾಗಿದ್ದರೆ ನೋಡುವವಳಿಗೂ ಇದು ಹಿತವೇ. ಆದರೆ ಆ ಅಂದಾಜು ಹುಟ್ಟುವುದು ಹಿಂದಿನ ಮಾರಾಟಗಳ ದಾಖಲೆಯಿಂದ. ದಾಖಲೆ ಹೆಚ್ಚಾಗಿರುವುದು ದೊಡ್ಡ ಮಳಿಗೆಯ ಬಳಿ. ನೇಕಾರರ ಮನೆಯ ಸೀರೆಯ ವಿಷಯದಲ್ಲಿ ಯಂತ್ರಕ್ಕೆ ಏನೂ ತಿಳಿಯದು. ತಿಳಿದುಕೊಳ್ಳಲು ಅದಕ್ಕೆ ದಾರಿಯೂ ಇಲ್ಲ. ಏಕೆಂದರೆ ಇಲ್ಲಿ ವ್ಯಾಪಾರ ಮುಗಿಯುವುದು ಫೋನಿನ ಮಾತಿನಲ್ಲಿ, ಹಣ ಬರುವುದು ಬೇರೊಂದು ಯು.ಪಿ.ಐ. ತಂತ್ರಾಂಶದಿಂದ. ಸೀರೆ ಮಾರಿದ ಸುದ್ದಿ ಜಾಹೀರಾತಿನ ಯಂತ್ರದ ಕಿವಿಗೆ ಬೀಳುವುದೇ ಇಲ್ಲ.

ಯಂತ್ರ ಕಲಿಯುವುದು ಹೇಗೆ? ೧೯೩೩ರಲ್ಲಿ ಡಬ್ಲ್ಯು. ಆರ್. ಥಾಂಸನ್ ಎಂಬವನು ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ತಿಳಿಯದಿರುವಾಗ ರೋಗಿಗಳನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಯನ್ನು ವಿಚಾರ ಮಾಡಿದ್ದನು. ಮೊದಲು ಎರಡನ್ನೂ ಕೊಟ್ಟು ನೋಡು. ಗುಣ ಕಂಡ ಕಡೆಗೆ ಮೆಲ್ಲಮೆಲ್ಲನೆ ವಾಲು. ಆದರೂ ಇನ್ನೊಂದನ್ನು ಪೂರ್ತಿಯಾಗಿ ಕೈಬಿಡಬೇಡ. ಜಾಹೀರಾತಿನ ಯಂತ್ರಗಳು ನಡೆಯುವ ಹಾದಿ ಇದೇ ಜಾತಿಯದು. ಹೀಗೆ ಕಲಿಯಲು ಯಂತ್ರಕ್ಕೆ ಉದಾಹರಣೆಗಳು ಬೇಕು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮುಗಳ ಒಡೆತನವಿರುವ ಮೆಟಾ ಸಂಸ್ಥೆಯೇ ಜಾಹೀರಾತುದಾರರಿಗೆ ಹೇಳಿಕೊಂಡು ಬಂದಿರುವ ಪ್ರಕಾರ ಒಂದು ವಾರದಲ್ಲಿ ಸುಮಾರು ೫೦ ಫಲಗಳು ದೊರೆತರೆ ಕಲಿಕೆಯ ಅವಧಿ ಮುಗಿಯುತ್ತದೆ. ನಡುವೆ ಜಾಹೀರಾತನ್ನು ಗಣನೀಯವಾಗಿ ತಿದ್ದಿದರೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಎರಡು ಮಗ್ಗದ ಮನೆಯಲ್ಲಿ ವಾರಕ್ಕೆ ೫೦ ರೇಷ್ಮೆಸೀರೆ ಮಾರುವ ಮಾತು ಹಾಗಿರಲಿ, ೫೦ ಸೀರೆ ಇಳಿಯುವುದೇ ಇಲ್ಲವಲ್ಲ! ಮಗ್ಗಕ್ಕೆ ಸಾಧ್ಯವಿಲ್ಲದ ಲೆಕ್ಕವನ್ನು ಯಂತ್ರ ಕೇಳುತ್ತದೆ. ಸಾಲದುದಕ್ಕೆ, ಹುಡುಗಿ ಆತುರದಿಂದ ಪ್ರತಿ ಸಂಜೆಯೂ ಚಿತ್ರವನ್ನೋ ಮೊತ್ತವನ್ನೋ ಬದಲಾಯಿಸುತ್ತಿದ್ದಳು. ದಿನಕ್ಕೊಮ್ಮೆ ಕಿತ್ತು ಬೇರನ್ನು ನೋಡಿದ ಪೈರಿನಂತಾಯಿತು ಅದರ ಗತಿ.

ಇದಕ್ಕೆ ಪರಿಹಾರವಾಗಿ ಬಲ್ಲವರು ಒಂದು ಉಪಾಯ ಹೇಳಿಕೊಡುತ್ತಾರೆ. ಮಾರಾಟವನ್ನು ಗುರಿಯಾಗಿ ಇಡಬೇಡಿ, ಸಂದೇಶ ಬರುವುದನ್ನು ಗುರಿಯಾಗಿ ಇಡಿ. ಸಂದೇಶಗಳಾದರೆ ವಾರಕ್ಕೆ ೫೦ ಸುಲಭವಾಗಿ ಬರುತ್ತವೆ ಎಂದು. ಬಂದವು ಸರಿ. ಆದರೆ ಯಂತ್ರವು ವಿಧೇಯ ಸೇವಕ. ಹೇಳಿದ್ದನ್ನು ಮಾತ್ರ ಮಾಡುತ್ತದೆ. ಸಂದೇಶ ಬೇಕೆಂದರೆ ಸಂದೇಶ ಕಳುಹಿಸುವ ಚಟವಿರುವವರನ್ನು ಹುಡುಕಿ ತರುತ್ತದೆ. ‘ಬೆಲೆ ಎಷ್ಟು’ ಎಂಬ ಮಾಲೆ ಹುಟ್ಟಿದ್ದು ಹೀಗೆ. ಅಳತೆಯನ್ನೇ ಗುರಿ ಮಾಡಿಕೊಂಡೊಡನೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ತತ್ತ್ವವನ್ನು ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನ ಹೆಸರಿನಿಂದ ಕರೆಯುತ್ತಾರೆ. ಅವನು ೧೯೭೫ರಲ್ಲಿ ಅದರ ಮೂಲವನ್ನು ಹೇಳಿದ್ದು ಬ್ಯಾಂಕುಗಳ ಹಣದ ವಿಷಯದಲ್ಲಿ. ಹುಡುಗಿಗೆ ನಾನು ಕೊಟ್ಟ ಸಲಹೆ ಇಷ್ಟೇ: ಬೆಲೆಯನ್ನು ಚಿತ್ರದ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆ. ಸಂದೇಶಗಳು ಕೂಡಲೆ ಇಳಿದವು. ಜಾಲತಾಣದ ಲೆಕ್ಕದಲ್ಲಿ ಜಾಹೀರಾತು ‘ಕೆಟ್ಟಿತು’. ಆದರೆ ಕೇಳಿದವರು ಕೊಳ್ಳುವ ಮನಸ್ಸುಳ್ಳವರಾಗಿದ್ದರು.

ಸ್ಥಳದ ವಿಷಯದಲ್ಲಿಯೂ ಹೀಗೆಯೇ ಒಂದು ಬಲೆಯಿದೆ. ದೇವನಹಳ್ಳಿಯ ಸುತ್ತ ಇಷ್ಟು ಕಿಲೋಮೀಟರ್ ಎಂದು ನಕ್ಷೆಯಲ್ಲಿ ವೃತ್ತ ಎಳೆದರೆ, ಅದರೊಳಗೆ ವಾಸವಾಗಿರುವವರಷ್ಟೇ ಅಲ್ಲ, ಈಚೆಗೆ ಅಲ್ಲಿ ಇದ್ದುಹೋದವರೂ ಸೇರುತ್ತಾರೆ. ೨೦೦೮ರಿಂದ ಅಲ್ಲಿ ವಿಮಾನನಿಲ್ದಾಣವಿದೆ. ದೆಹಲಿಗೆ ಹೋಗಲು ಎರಡು ಗಂಟೆ ಕಾದವನೂ ಯಂತ್ರದ ಕಣ್ಣಿಗೆ ದೇವನಹಳ್ಳಿಯವನೇ! ಚಕ್ಕೋತದ ತೋಟದವನು ಸುತ್ತಲಿನ ಹಳ್ಳಿಯವರಿಗೆಂದು ಹಾಕಿದ ಜಾಹೀರಾತಿನ ಹಣವನ್ನು ವಿಮಾನದ ಪ್ರಯಾಣಿಕರು ತಿಳಿಯದೆಯೇ ತಿಂದುಬಿಡುತ್ತಾರೆ. ವೃತ್ತವನ್ನು ನಿಲ್ದಾಣ ಹೊರಗುಳಿಯುವಂತೆ ಎಳೆಯುವುದು, ಅಥವಾ ನಿಲ್ದಾಣದ ಜಾಗವನ್ನೇ ಪ್ರತ್ಯೇಕವಾಗಿ ಹೊರತುಪಡಿಸುವುದು ಅಲ್ಲಿನವರು ಕಲಿಯಬೇಕಾದ ಮೊದಲ ಪಾಠ. ತೆರಿಗೆಯನ್ನೂ ಮರೆಯಬಾರದು: ೧೦೦೦ ರೂಪಾಯಿ ಜಾಹೀರಾತಿಗೆ ೧೮೦ ರೂಪಾಯಿ ಜಿ.ಎಸ್.ಟಿ.; ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗೆ ಅದು ಹಿಂದಿರುಗುವಂತಿಲ್ಲ.

ಇಷ್ಟಾದರೂ ಮೂಲಪ್ರಶ್ನೆ ಉಳಿದೇ ಇದೆ. ಜಾಹೀರಾತಿನಿಂದ ನಿಜವಾಗಿ ಸೀರೆ ಮಾರಿತೆ? ಜಾಲತಾಣವು ‘ನಿಮ್ಮ ಜಾಹೀರಾತಿನಿಂದ ಇಷ್ಟು ಫಲ’ ಎಂದು ಪಟ್ಟಿಯನ್ನೇನೋ ಕೊಡುತ್ತದೆ. ಆದರೆ ಜಾಹೀರಾತನ್ನು ಕಂಡು ಕೊಂಡವರೆಲ್ಲರೂ ಜಾಹೀರಾತಿನಿಂದಲೇ ಕೊಂಡವರಲ್ಲ. ವರಮಹಾಲಕ್ಷ್ಮೀ ಹಬ್ಬಕ್ಕೆ ಪ್ರತಿವರ್ಷವೂ ಇದೇ ಮನೆಯಿಂದ ಕೊಳ್ಳುವವರು ಹೇಗೂ ಕೊಳ್ಳುತ್ತಿದ್ದರು. ನಡುವೆ ಜಾಹೀರಾತು ಕಣ್ಣಿಗೆ ಬಿದ್ದರೆ ಅದರ ಕೀರ್ತಿ ಜಾಹೀರಾತಿಗೆ ಸಲ್ಲುತ್ತದೆ. ತೂಗುವವನೂ ಮಾರುವವನೂ ಒಬ್ಬನೇ ಆದಾಗ ತಕ್ಕಡಿಯನ್ನು ಕೊಳ್ಳುವವನು ಪರೀಕ್ಷಿಸಬೇಡವೆ? ಅಮೆರಿಕದ ಈಬೇ ಎಂಬ ಸಂಸ್ಥೆಯಲ್ಲಿ ಬ್ಲೇಕ್, ನಾಸ್ಕೊ, ಟೇಡಲಿಸ್ ಎಂಬ ಮೂವರು ಈ ಪರೀಕ್ಷೆಯನ್ನು ಮಾಡಿದರು. ಹುಡುಕುಯಂತ್ರಗಳಲ್ಲಿ ತಮ್ಮ ಸಂಸ್ಥೆಯ ಹೆಸರಿಗೇ ಹಾಕುತ್ತಿದ್ದ ಜಾಹೀರಾತನ್ನು ನಿಲ್ಲಿಸಿಬಿಟ್ಟರು. ಬರುವವರ ಸಂಖ್ಯೆ ಕುಗ್ಗಲಿಲ್ಲವೆಂದೇ ಹೇಳಬೇಕು. ಜಾಹೀರಾತಿನ ಬಾಗಿಲಿನಿಂದ ಬರುತ್ತಿದ್ದವರು ಪಕ್ಕದ ಉಚಿತ ಬಾಗಿಲಿನಿಂದ ಬಂದರು. ಈ ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು.

ಪರೀಕ್ಷೆಯ ಕ್ರಮವನ್ನು ರೊನಾಲ್ಡ್ ಫಿಷರನು ರಾಥಮ್‌ಸ್ಟೆಡ್ಡಿನ ಹೊಲಗಳಲ್ಲಿ ರೂಪಿಸಿದನು. ೧೯೩೫ರಲ್ಲಿ ಅದನ್ನು ಗ್ರಂಥವಾಗಿ ಬರೆದನು. ಗೊಬ್ಬರ ಹಾಕಿದ ಪಾತಿ, ಹಾಕದ ಪಾತಿ. ಯಾವುದಕ್ಕೆ ಹಾಕಬೇಕೆಂಬುದನ್ನು ನಮ್ಮ ಇಷ್ಟ ನಿರ್ಧರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು. ಇದನ್ನು ನಾವು ಹೀಗೆ ಅಳವಡಿಸಿಕೊಳ್ಳಬಹುದು. ಸೋಮವಾರ ನಾಣ್ಯ ಚಿಮ್ಮಿ, ರಾಜಮುದ್ರೆ ಬಿದ್ದರೆ ಆ ವಾರ ನೆಲಮಂಗಲದಲ್ಲಿ ಮಾತ್ರ ಜಾಹೀರಾತು, ಅಂಕಿ ಬಿದ್ದರೆ ಹೊಸಕೋಟೆಯಲ್ಲಿ ಮಾತ್ರ. ಕೊಂಡ ಪ್ರತಿಯೊಬ್ಬರನ್ನೂ “ಯಾವ ಊರಮ್ಮಾ?” ಎಂದು ಕೇಳಿ ಪುಸ್ತಕದಲ್ಲಿ ಬರೆಯಬೇಕು. ಜಾಲತಾಣದೊಳಗೆ ಎರಡು ಚಿತ್ರಗಳನ್ನು ಒಟ್ಟಿಗೆ ಬಿಟ್ಟು ಯಾವುದು ಗೆದ್ದಿತೆಂದು ನೋಡುವುದು ಇಂಥ ಪರೀಕ್ಷೆಯಾಗದು; ಏಕೆಂದರೆ ಯಂತ್ರವು ಒಂದು ಚಿತ್ರವನ್ನು ಒಂದು ಬಗೆಯ ಜನಕ್ಕೂ ಇನ್ನೊಂದನ್ನು ಇನ್ನೊಂದು ಬಗೆಯ ಜನಕ್ಕೂ ತೋರಿಸಿಬಿಡುತ್ತದೆ. ಪಾತಿಗಳೇ ಬೇರೆಯಾದ ಮೇಲೆ ಗೊಬ್ಬರವನ್ನು ಹೋಲಿಸುವುದೆಂತು?

ಇನ್ನು ಲೆಕ್ಕ. ಜಾಹೀರಾತಿಲ್ಲದ ವಾರ ೧೦ ಸೀರೆ, ಇದ್ದ ವಾರ ೧೩ ಸೀರೆ ಮಾರಿದವೆಂದು ಊಹಿಸೋಣ. ನೂರಕ್ಕೆ ಮೂವತ್ತು ಹೆಚ್ಚಿತೆಂದು ಹಿಗ್ಗಬಹುದೆ? ಆಕಸ್ಮಿಕವಾಗಿ ಬರುವ ಇಂಥ ಎಣಿಕೆಗಳ ನಿಯಮವನ್ನು ಪ್ವಾಸೋನ್ ಎಂಬ ಫ್ರೆಂಚ್ ಗಣಿತಜ್ಞನು ೧೮೩೭ರಲ್ಲಿ ಕಂಡುಹಿಡಿದನು. ಅದರಂತೆ ಎರಡು ಎಣಿಕೆಗಳ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಓಲಾಡುವ ಪ್ರಮಾಣವು ಅವುಗಳ ಮೊತ್ತದ ವರ್ಗಮೂಲದಷ್ಟು. ಮೊತ್ತ ೨೩, ವರ್ಗಮೂಲ ೪.೮, ನಮ್ಮ ವ್ಯತ್ಯಾಸ ಬರಿಯ ೩. ಅದು ಏನನ್ನೂ ಹೇಳದು. ನಾಲ್ಕು ನಾಲ್ಕು ವಾರ ನಡೆಸಿ ೪೦ ಮತ್ತು ೫೨ ಬಂದರೂ ವ್ಯತ್ಯಾಸ ೧೨, ಓಲಾಟ ೯.೬, ಇನ್ನೂ ಸಂದೇಹವೇ. ಓಲಾಟದ ಎರಡರಷ್ಟನ್ನು ಮೀರಿದ ವ್ಯತ್ಯಾಸವನ್ನು ಮಾತ್ರ ನಂಬುವುದು ವಾಡಿಕೆ. ಹದಿನಾರು ಹದಿನಾರು ವಾರ ನಡೆಸಿದರೆ ೧೬೦ ಮತ್ತು ೨೦೮. ವ್ಯತ್ಯಾಸ ೪೮, ಓಲಾಟ ೧೯.೨. ಈಗ ನಂಬಬಹುದು. ಆದರೆ ಅಷ್ಟರಲ್ಲಿ ೩೨ ವಾರಗಳು ಕಳೆದು, ಆಷಾಢ ಶ್ರಾವಣಗಳು ಬಂದುಹೋಗಿ, ಹಣವೂ ಮುಗಿದಿರುತ್ತದೆ. ಒಂಟಿ ಮನೆಗೆ ತನ್ನ ಹಣ ಫಲ ಕೊಟ್ಟಿತೆ ಇಲ್ಲವೆ ಎಂಬುದು ಗಣಿತದ ಪ್ರಕಾರವೇ ತಿಳಿಯುವಂತಿಲ್ಲ. ಅವಳ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಇದೇ. ಹೇಳಲು ನನಗೆ ಹಿತವಾಗಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿದು: ಈ ಹರಾಜಿಗೆ ಒಬ್ಬೊಬ್ಬರಾಗಿ ಹೋಗತಕ್ಕದ್ದಲ್ಲ. ಹತ್ತು ಮನೆಗಳು ಒಂದು ಹೆಸರಿನಲ್ಲಿ, ಒಂದು ಖಾತೆಯಲ್ಲಿ ಜಾಹೀರಾತು ಹಾಕಲಿ. ಆಗ ವಾರಕ್ಕೆ ೧೦೦ ಸೀರೆಯ ಲೆಕ್ಕ. ಯಂತ್ರ ಕೇಳುವ ೫೦ ಫಲಗಳು ಕೈಗೆಟುಕುವ ಮಾತಾಗುತ್ತದೆ. ಜಾಹೀರಾತಿಲ್ಲದ ಎರಡು ವಾರ ೨೦೦, ಇರುವ ಎರಡು ವಾರ ೨೬೦. ವ್ಯತ್ಯಾಸ ೬೦, ಓಲಾಟ ೨೧.೪. ಒಂಟಿ ಮನೆಗೆ ೩೨ ವಾರ ಹಿಡಿದದ್ದು ಹತ್ತು ಮನೆಗಳಿಗೆ ನಾಲ್ಕು ವಾರದಲ್ಲಿ ತಿಳಿಯುತ್ತದೆ. ಇನ್ನೂ ಒಂದು ಲಾಭವಿದೆ. ವಿಕ್ರಿಯ ನಿಯಮವನ್ನು ನೆನೆಯಿರಿ. ೧೦ ರೂಪಾಯಿ ಬರೆದವನೂ ೭ ರೂಪಾಯಿ ಬರೆದವನೂ ಒಂದೇ ಬೀದಿಯ ನೆರೆಹೊರೆಯವರಾಗಿದ್ದರೆ, ಗೆದ್ದವನು ೭ ರೂಪಾಯಿ ತೆರುವುದು ನೆರೆಯವನ ಕೂಗಿನಿಂದಾಗಿ. ಇಬ್ಬರೂ ಒಂದಾಗಿದ್ದರೆ ತೆರಬೇಕಾದುದು ೪. ಇಂದು ಒಂದೇ ಊರಿನ ಮಗ್ಗಗಳು ಒಂದೇ ಮಲ್ಲೇಶ್ವರದ ಗೃಹಿಣಿಗಾಗಿ ಕಾಣದ ಕತ್ತಲಲ್ಲಿ ಪರಸ್ಪರ ಬೆಲೆ ಏರಿಸಿಕೊಳ್ಳುತ್ತಿವೆ.

ರೀಲರುಗಳು ಒಳಗೊಳಗೆ ಮಾತಾಡಿಕೊಂಡು ಗೂಡಿನ ಬೆಲೆಯನ್ನು ಇಳಿಸಿದರೆ ರೈತ ಕೂಗಾಡುವುದಿಲ್ಲವೆ, ಇದೂ ಅದೇ ಅಲ್ಲವೆ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದನು. ಪ್ರಶ್ನೆ ಸಾಧುವಾದುದು. ಬೇರೆ ಬೇರೆ ವ್ಯಾಪಾರಿಗಳಾಗಿದ್ದುಕೊಂಡು ಗುಟ್ಟಾಗಿ ಕೂಗನ್ನು ತಗ್ಗಿಸುವುದು ಕೂಟ. ಎಲ್ಲರ ಸರಕನ್ನೂ ಒಂದೇ ಹೆಸರಿನಲ್ಲಿ ಬಹಿರಂಗವಾಗಿ ಮಾರುವುದು ಸಹಕಾರ. ಎರಡು ಹಸು ಸಾಕಿದವನು ತನ್ನ ಹಾಲಿಗೆ ಜಾಹೀರಾತು ಹಾಕುವುದಿಲ್ಲ. ‘ನಂದಿನಿ’ಯ ಹೆಸರಿನಲ್ಲಿ ಹಾಲು ಮಹಾಮಂಡಲ ಹಾಕುತ್ತದೆ. ೧೯೦೫ರಲ್ಲಿಯೇ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ನಾಡು ಇದು.

ಕಷ್ಟಗಳನ್ನು ಮುಚ್ಚಿಡಲಾರೆ. ಈ ವಿಚಾರವನ್ನು ನೆರೆಮನೆಯ ಯಜಮಾನರ ಮುಂದೆ ಇಟ್ಟಾಗ ಅವರು ನಕ್ಕುಬಿಟ್ಟರು. “ಮೇಷ್ಟ್ರೇ, ಚಿತ್ರ ಹಾಕಿದ ಮೂರನೇ ದಿನ ನನ್ನ ಬುಟ್ಟಾ ಪಕ್ಕದ ಬೀದಿ ಮಗ್ಗದಲ್ಲಿ ಇಳೀತಾ ಇರ್ತದೆ. ಅವರ ಜೊತೆಗೆ ನಾನು ದುಡ್ಡು ಹಾಕಬೇಕಾ?” ವಿನ್ಯಾಸವನ್ನು ಎಲ್ಲರಿಗೂ ತೋರಿಸದೆ ಜಾಹೀರಾತಿಲ್ಲ, ತೋರಿಸಿದರೆ ನಕಲು ತಪ್ಪದು. ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಸಂಘದ ಜಾಹೀರಾತಿನಲ್ಲಿ ಊರಿನ ಹೆಸರು, ಬಟ್ಟೆಯ ಗುಣ, ಬೆಲೆಯ ಶ್ರೇಣಿ ಮಾತ್ರ ಇದ್ದು, ಹೊಸ ವಿನ್ಯಾಸಗಳನ್ನು ಆಯಾ ಮನೆಯವರು ತಮ್ಮ ಹಳೆಯ ಗಿರಾಕಿಗಳಿಗೆ ಫೋನಿನಲ್ಲಿ ನೇರವಾಗಿ ಕಳುಹಿಸಬಹುದೆಂದೆ. ಅದಕ್ಕೆ ಖರ್ಚೂ ಇಲ್ಲ. ದೊಡ್ಡ ಮಳಿಗೆಗಳೆಲ್ಲ ಕೂಗುವ ಹಬ್ಬದ ದಿನಗಳಲ್ಲಿ ಹರಾಜಿನಿಂದ ದೂರವಿದ್ದು, ಅದಕ್ಕೆ ಮುಂಚೆ ಸಾವಕಾಶದ ತಿಂಗಳುಗಳಲ್ಲಿ ಹೊಸ ಗಿರಾಕಿಗಳ ಸಂಖ್ಯೆಗಳನ್ನು ಕೂಡಿಹಾಕಿಕೊಂಡರೆ, ಹಬ್ಬದ ವಾರ ಸಂದೇಶವೊಂದೇ ಸಾಕು. ಅವರು ಆಗಲಿ ಎನ್ನಲಿಲ್ಲ, ಇಲ್ಲವೆಂದೂ ಎನ್ನಲಿಲ್ಲ. ಹಾಸು ಕಡಿದಿದೆಯೆಂದು ಮಗ್ಗದ ಕಡೆಗೆ ಎದ್ದು ಹೋದರು.

ಮಗಳು ಮಾತ್ರ ಪುಸ್ತಕವೊಂದನ್ನು ತೆರೆದಿದ್ದಾಳೆ. ಒಂದು ಪುಟದಲ್ಲಿ ನೆಲಮಂಗಲ, ಎದುರುಪುಟದಲ್ಲಿ ಹೊಸಕೋಟೆ. ಅವಳ ಇಬ್ಬರು ಸಹಪಾಠಿಗಳ ಮನೆಯ ಮಗ್ಗಗಳೂ ಈ ಲೆಕ್ಕಕ್ಕೆ ಸೇರಿವೆ. ಮೂರು ಮನೆಗಳ ಎಣಿಕೆಯಿಂದ ನಿರ್ಣಯಕ್ಕೆ ಬರಲು ಎಷ್ಟು ವಾರ ಬೇಕೆಂಬುದನ್ನು ಮೇಲಿನ ಸೂತ್ರದಿಂದ ಅವಳೇ ಹಾಕಿಕೊಂಡು ಬಂದು ತೋರಿಸಿದಳು. ವಾಚಕರೂ ಹಾಕಿ ನೋಡಬಹುದು.